ಏಳು ನಲವತ್ತರ ಹಾಜರಿ

"ನೀನು ಒಂದು ಸುಳ್ಳು ಹೇಳಬಹುದಿತ್ತಲ್ಲ ಮಾರಾಯ," ಎಂದೆ.

ಧರ್ಮೇಂದ್ರ ಸರ್ವರಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. ನಾಳೆ ಹನ್ನೊಂದು ಗಂಟೆಗೆ ಪೊಲೀಸರು ಹೊತ್ತುಕೊಂಡು ಹೋಗಲಿರುವ ಪೆಟ್ಟಿಗೆಯ ಧೂಳನ್ನು ಯಾರಾದರೂ ಒರೆಸುತ್ತಾರೆಯೇ? ಇವನು ಒರೆಸುತ್ತಿದ್ದ.

"ಸೋಮವಾರದ ಮೆಸೇಜು ಫೋನಿಂದ ಬಂದಿದ್ದಾ ಅಂತ ಇನ್ಸ್‌ಪೆಕ್ಟರ್ ಕೇಳಿದ್ರು ಮೇಡಂ. ಅಲ್ಲ, ಯಾವುದೋ ಪೈಥಾನ್ ಪ್ರೋಗ್ರಾಮಿಂದ ಬಂದಿದ್ದು ಅಂದೆ. ಇದ್ದಿದ್ದು ಇದ್ದ ಹಾಗೆ ಹೇಳ್ದೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇನ್ಸ್‌ಪೆಕ್ಟರ್ ಕಾಂತರಾಜ್ ಒದೆಯಲಿಲ್ಲ, ಅಷ್ಟೇ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರೆಯುವವನು ನೀನು, ಸರ್ವರ್ ನಿನ್ನದು, ಹಾಗಾದರೆ ಕಳಿಸಿದವನೂ ನೀನೇ ಎಂದು ಲೆಕ್ಕ ಮುಗಿಸಿದ್ದರು.

ಭದ್ರಾವತಿ ನ್ಯೂ ಟೌನಿನಲ್ಲಿ ಒಬ್ಬರೇ ಇದ್ದ ಉಜ್ಜನಪ್ಪನವರ ಶವ ಬುಧವಾರ ಮಧ್ಯಾಹ್ನ ಸಿಕ್ಕಿತ್ತು. ತಲೆಯ ಹಿಂದೆ ಏಟು, ಫೋನ್ ನಾಪತ್ತೆ. ಏಟು ಬಿದ್ದದ್ದು ಭಾನುವಾರ ಸಂಜೆ. ಆದರೂ ಸೋಮವಾರ, ಮಂಗಳವಾರ, ಬುಧವಾರ ಮೂರು ಬೆಳಿಗ್ಗೆಯೂ ಅವರ ಹೆಸರಿನಲ್ಲಿ ಈ ಪೆಟ್ಟಿಗೆಗೆ "ಇದ್ದೀನಿ" ಎಂಬ ಸಂದೇಶ ಬಂದಿತ್ತು.

ನಾವು ಕೂತಿದ್ದದ್ದು ಶಿವಮೊಗ್ಗದ ವಿನೋಬನಗರದಲ್ಲಿ, ಹಲ್ಲಿನ ಕ್ಲಿನಿಕ್ಕೊಂದರ ಮೇಲಿನ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನವಾದ್ದರಿಂದ ಕೆಳಗೆ ಬಾಗಿಲು ಹಾಕಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಅರವತ್ತೊಂದು ಹೆಸರುಗಳು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಒಂಟಿಯಾಗಿ ಬದುಕುವವರು. ಅವರ ಫೋನಿನಲ್ಲಿ ಎರಡೇ ಗುಂಡಿ. ಬೆಳಿಗ್ಗೆ ಎದ್ದು ಹಸಿರು ಗುಂಡಿ ಒತ್ತಿದರೆ "ಇದ್ದೀನಿ". ಕಷ್ಟವೆಂದರೆ ಕೆಂಪು ಗುಂಡಿ, "ಬನ್ನಿ". ಎಂಟು ಗಂಟೆಯೊಳಗೆ "ಇದ್ದೀನಿ" ಬಾರದಿದ್ದರೆ ಹತ್ತಿರದ ಕಾರ್ಯಕರ್ತರಿಗೆ ಸುದ್ದಿ ಹೋಗುತ್ತದೆ.

ಧರ್ಮೇಂದ್ರನ ಅಣ್ಣ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಸತ್ತು ನಾಲ್ಕು ದಿನದ ಮೇಲೆ ಜನಕ್ಕೆ ಗೊತ್ತಾಗಿತ್ತು. ಅದಾದ ಮೇಲೆ ಇವನು ಮಾಡಿದ ವ್ಯವಸ್ಥೆ ಇದು. ಇಂಥವನು ಕೊಂದ ಎಂದರೆ ನಾನು ನಂಬುವುದಿಲ್ಲ. ನಂಬದಿರುವುದು ನನ್ನ ಕಸುಬು, ನಿಜ. ಆದರೂ ಒಮ್ಮೊಮ್ಮೆ ಮನುಷ್ಯರ ಮುಖ ನೋಡಿ ನಂಬುವ ಚಟವೂ ನನಗಿದೆ.

ಪರದೆಯಲ್ಲಿ ಹದಿನೇಳನೆಯ ಹೆಸರು ಇನ್ನೂ ಉಜ್ಜನಪ್ಪ ಎಂದೇ ಇತ್ತು.

"ತೆಗೀಲಿಲ್ವಾ?"

"ಮನಸ್ಸು ಬರ್ಲಿಲ್ಲ ಮೇಡಂ."

ಅವನು ಬಾಚಣಿಗೆ ಕಾಣದ ತಲೆಯನ್ನು ಕೆರೆದುಕೊಂಡ. ನಾನು ವಿಷಯಕ್ಕೆ ಬಂದೆ.

"ಹೊರಗಿನವರು ಯಾರೋ ಪ್ರೋಗ್ರಾಮ್ ಬರೆದು ಈ ಪೆಟ್ಟಿಗೆಗೆ ಒಂದು ಸಂದೇಶ ಕಳಿಸ್ಬೇಕು ಅಂದ್ಕೋ. ಅವರ ಹತ್ರ ಮೊದಲೇ ಏನೇನು ಇರ್ಬೇಕು?"

ಅವನು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ಕೊಟ್ಟ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಶುರು ಮಾಡುವ ಮುನ್ನ" ಎಂದಿತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶನಿವಾರ ಸಂಜೆ ಅವನು ನಡೆಸುತ್ತಿದ್ದ ಪೈಥಾನ್ ಪಾಠದ ಮೊದಲ ಹಾಳೆಯಂತೆ. ಪಾಠಕ್ಕೆ ಬರುತ್ತಿದ್ದವರು ಇದೇ ಅರವತ್ತೊಂದರಲ್ಲಿ ಹನ್ನೊಂದು ಜನ.

"ಅವರಿಗೆ ಯಾಕಪ್ಪ ಪೈಥಾನು?"

"ಬೆಳಿಗ್ಗೆ ಗುಂಡಿ ಒತ್ತಿದ ಮೇಲೆ ಮಿಕ್ಕ ದಿನ ಏನು ಮಾಡೋದು ಅಂತ ಕೇಳಿದ್ರು ಮೇಡಂ."

ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಬಿಟ್ಟು, ಈಗ ಇದೇ ಬಡಾವಣೆಯ ನಾಲ್ಕನೇ ಅಡ್ಡರಸ್ತೆಯಲ್ಲಿ ಒಂದು ಬಾಡಿಗೆ ಮನೆ, ಒಂದು ಕುಕ್ಕರ್, "ಶಾಂಭವಿ, ಖಾಸಗಿ ಪತ್ತೇದಾರರು" ಎಂಬ ಒಂದು ಬೋರ್ಡು ಇಟ್ಟುಕೊಂಡಿರುವವಳು ನಾನು. ಮಿಕ್ಕ ದಿನ ಏನು ಮಾಡುವುದು ಎಂಬ ಪ್ರಶ್ನೆ ನನಗೂ ಹೊಸದಲ್ಲ.

ಹಾಳೆ ಓದಿದೆ. ಸಾರು ಮಾಡುವ ಮುನ್ನ ಬೇಳೆ, ಹುಣಸೆಹಣ್ಣು ತೆಗೆದಿಟ್ಟುಕೊಳ್ಳುವುದಿಲ್ಲವೇ, ಹಾಗಿತ್ತು. ಕಂಪ್ಯೂಟರಿನಲ್ಲಿ ಪೈಥಾನ್ ಇರಬೇಕು. ಸರ್ವರಿನ ಜೊತೆ ಮಾತಾಡಲು ಬೇಕಾದ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಮುಗಳ ಗಂಟನ್ನು ಬೇರೆಯಾಗಿ ಹಾಕಿಕೊಂಡಿರಬೇಕು. ಸರ್ವರ್ ಎದ್ದಿರಬೇಕು. ಅದರ ವಿಳಾಸ, ಯಾವ ಬಾಗಿಲು ಎಂದು ಹೇಳುವ ಪೋರ್ಟ್ ನಂಬರ್ ಗೊತ್ತಿರಬೇಕು. ಒಳಗೆ ಬಿಡಲು ಹೆಸರು, ಪಾಸ್‌ವರ್ಡ್ ಬೇಕು. ಸಂದೇಶ ಯಾವ ಸಾಲಿಗೆ ಸೇರಬೇಕೋ ಆ ಸಾಲು ಸರ್ವರಿನಲ್ಲಿ ಮೊದಲೇ ಇರಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಪ್ರೋಗ್ರಾಮ್ ಮುಗ್ಗರಿಸುತ್ತದೆ ಎಂದು ಕೊನೆಗೆ ಬರೆದಿದ್ದ.

"ಸಾಲು ಅಂದ್ರೆ?"

"ಮೆಸೇಜು ಬಂದು ನಿಲ್ಲೋ ಕ್ಯೂ. ಕಾರ್ಖಾನೇಲಿ ರಿಲೀವರ್ ಬಂದು ಚಾರ್ಜ್ ತಗೊಳ್ಳೋ ತನಕ ಮೆಷಿನ್ ಬಿಟ್ಟು ಹೋಗೋ ಹಾಗಿಲ್ಲ ನೋಡಿ, ಇದೂ ಅಷ್ಟೇ. ಕೆಂಪು ಗುಂಡಿ ಮೆಸೇಜು ನ್ಯೂ ಟೌನ್ ಸಾಲಿಗೆ ಬಂತು ಅಂದ್ಕೊಳ್ಳಿ. ಅಲ್ಲಿನ ಮೂವರು ಕಾರ್ಯಕರ್ತರಲ್ಲಿ ಒಬ್ಬರು 'ಹೊರಟೆ' ಅಂತ ಒತ್ತೋ ತನಕ ಅಲ್ಲೇ ನಿಂತಿರುತ್ತೆ. ಒಬ್ರು ಒತ್ತಿದ್ರೆ ಸಾಲಿಂದ ಹೋಯ್ತು. ಇನ್ನಿಬ್ಬರಿಗೆ ಹೋಗಲ್ಲ."

ವೈರ್‌ಲೆಸ್ಸಿನಲ್ಲಿ ನಮಗೂ ಹೀಗೇ. ಆ ಕಡೆಯಿಂದ "ತಲುಪಿತು" ಎಂಬ ಮಾತು ಬರುವ ತನಕ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಕೆಲಸ ಬಿಟ್ಟ ಮೇಲೆ ನನಗೆ ಹಾಗೆ ಹೇಳುವವರು ಯಾರೂ ಸಿಗಲಿಲ್ಲ.

"ಸೋಮವಾರದ್ದು ಯಾರ ಹೆಸರು, ಪಾಸ್‌ವರ್ಡಿನಲ್ಲಿ ಒಳಗೆ ಬಂತು?"

"ಪಾಠದವರಿಗೆ ಅಂತ ಕೊಟ್ಟಿದ್ದ ಹೆಸರಲ್ಲಿ. ಹನ್ನೊಂದು ಜನಕ್ಕೂ ಒಂದೇ." ಅವನ ಧ್ವನಿ ಕುಗ್ಗಿತು. "ಕಲಿಯೋರಿಗೆ ಬೇರೆ ಸರ್ವರ್ ಇಡ್ಬೇಕಿತ್ತು ಮೇಡಂ. ಇದ್ರಲ್ಲೇ ಕಲಿಸ್ದೆ. ಅದು ನನ್ನ ತಪ್ಪು."

"ತಪ್ಪಿಗೆ ಆಮೇಲೆ ಅಳು. ಮತ್ತೇನು ಗೊತ್ತು?"

"ಲೈಬ್ರರಿ ಒಳಗೆ ಬರುವಾಗ ತನ್ನ ಹೆಸರು, ತನ್ನ ಪೈಥಾನ್ ಎಷ್ಟನೇ ವರ್ಷನ್ ಅನ್ನೋ ನಂಬರ್ ಹೇಳ್ಕೊಂಡೇ ಬರುತ್ತೆ. ಸರ್ವರ್ ಬರ್ಕೊಳ್ಳುತ್ತೆ. ಪೊಲೀಸರು ಪೈಥಾನ್ ಅನ್ನೋ ಪದ ನೋಡಿದ್ದೇ ಹಾಳೆ ಮಡಚಿದ್ರು."

"ನೀನೂ ಮಡಚಿದೆಯಾ?"

ಅವನು ದಾಖಲೆ ತೆರೆದ. ಮಂಗಳವಾರ 7:43, ಫೋನ್. ಬುಧವಾರ 7:36, ಫೋನ್. ಸೋಮವಾರ 7:40, ಸೆಕೆಂಡಿನ ಜಾಗದಲ್ಲಿ ಎರಡು ಸೊನ್ನೆ, ಪೈಥಾನ್ 3.8.

ಬೆರಳು ಆ ಸಾಲಿನ ಮೇಲೆ ನಿಂತಿತು. ಹುಡುಗನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಹುಡುಗ ಎಂದೆ, ನಲವತ್ತು ದಾಟಿದೆ ಅವನಿಗೆ.

"ಏನಾಯ್ತು?"

"ಪಾಠದ ಕಂಪ್ಯೂಟರೆಲ್ಲ ಹೊಸವು. ಅವುಗಳಲ್ಲಿ ಇರೋದು 3.12. ವಿಂಡೋಸ್ ಸೆವೆನ್ ಇರೋ ಹಳೇ ಕಂಪ್ಯೂಟರಿಗೆ 3.8ರ ಮೇಲೆ ಹತ್ತಲ್ಲ ಮೇಡಂ. ಮನೇಲಿ ಅಂಥದ್ದು ಇರೋರು ಒಬ್ರೇ. ಅವರ ಹಾಳೆ ಮೇಲೆ ನಾನೇ ಪೆನ್ಸಿಲಲ್ಲಿ '3.8 ಸಾಕು' ಅಂತ ಬರ್ಕೊಟ್ಟಿದ್ದೆ."

"ಯಾರು?"

ಅವನು ಕಿಟಕಿಯ ಕಡೆ ತಿರುಗಿದ. ಜೈಲಿಗೆ ಹೋಗುವ ಹೆದರಿಕೆ ಇದ್ದವನು, ತಪ್ಪಿಸಿಕೊಳ್ಳುವ ದಾರಿ ಕಂಡಾಗ ಕುಣಿಯಬೇಕಿತ್ತು. ಇವನು ಕಣ್ಣು ಒರೆಸಿಕೊಂಡ.

"ಶೇಷಪ್ಪನೋರು. ಉಜ್ಜನಪ್ಪನೋರಿಗೆ ಮೂವತ್ತೈದು ವರ್ಷದ ಸ್ನೇಹಿತರು."

ಕಾಂತರಾಜ್‌ಗೆ ಫೋನ್ ಮಾಡಿದೆ. ಸರ್ವರನ್ನು ಆ ಸಂಜೆಯೇ ಆರಿಸಬೇಕೆಂದು ಅವರ ಹಟ. ಅರವತ್ತು ಜನರ ಸೋಮವಾರ ಬೆಳಿಗ್ಗೆ ಏನಾಗಬೇಕು ಎಂದು ಕೇಳಿದೆ, ಜಗಳ ಕಾದೆ, ಕೊನೆಗೆ ಬೇಡಿಕೊಂಡೆ. ಹನ್ನೊಂದು ಗಂಟೆಯ ತನಕ ಪೆಟ್ಟಿಗೆ ಎದ್ದಿರಲಿ ಎಂದು ಒಪ್ಪಿಸಿದವಳು ನಾನೇ. ಮುಂದೆ ಆದದ್ದನ್ನು ಓದುವಾಗ ಇದನ್ನು ನೆನಪಿಡಿ.

*

ಸೋಮವಾರ ಬೆಳಿಗ್ಗೆ ಭದ್ರಾವತಿ ಬಸ್ಸಿನಲ್ಲಿದ್ದೆ. ಏಳು ನಲವತ್ತೈದಕ್ಕೆ ಧರ್ಮೇಂದ್ರನ ಫೋನ್.

"ಏಳು ನಲವತ್ತಕ್ಕೆ ಏನೂ ಬರ್ಲಿಲ್ಲ ಮೇಡಂ."

ಪ್ರತಿ ಸೋಮವಾರ ಹೊತ್ತಿಗೆ ಸರಿಯಾಗಿ ಕಳಿಸುವಂತೆ ಬರೆದ ಪ್ರೋಗ್ರಾಮ್ ತಾನಾಗಿ ನಿಲ್ಲುವುದಿಲ್ಲ. ಯಾರೋ ನಿಲ್ಲಿಸಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಬಸ್ ಇಳಿದಾಗ ಕವನ ಸ್ಕೂಟರ್ ಹಿಡಿದು ಕಾಯುತ್ತಿದ್ದಳು. ನ್ಯೂ ಟೌನಿನಲ್ಲಿ ರವಿಕೆ ಹೊಲಿಯುತ್ತಾಳೆ, ಮೂವತ್ತೈದರ ಆಸುಪಾಸು, ಅವಳೂ ಒಬ್ಬಳೇ. ಅಲ್ಲಿನ ಮೂವರು ಕಾರ್ಯಕರ್ತರಲ್ಲಿ ಒಬ್ಬಳು. ಬುಧವಾರ ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತಾ ಉಜ್ಜನಪ್ಪನವರ ಬಾಗಿಲು ತಳ್ಳಿದವಳು ಅವಳೇ. ಕೊರಳಿನ ಅಳತೆ ಟೇಪನ್ನು ತೆಗೆಯುವುದನ್ನು ಮರೆತು ಬಂದಿದ್ದಳು.

"ಅಕ್ಕ, ನಿಮಗೊಂದು ಹೇಳ್ಬೇಕು," ಎಂದಳು, ಸ್ಕೂಟರ್ ಸ್ಟಾರ್ಟ್ ಮಾಡದೆ. "ಸೋಮವಾರ ಅವರದ್ದು ದೊಡ್ಡ ಪೂಜೆ. ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂತ್ರೆ ಒಂಬತ್ತೂಕಾಲರ ತನಕ ಏಳೋರಲ್ಲ, ಫೋನ್ ಮುಟ್ಟೋರಲ್ಲ. ಹಂಗಾಗಿ ಪ್ರತಿ ಸೋಮವಾರ ಎಂಟಕ್ಕೆ ನಂಗೆ ಸುದ್ದಿ ಬರೋದು. ನಾನು ಫೋನ್ ಮಾಡೋದು, ಎತ್ತಲ್ಲ. ಹೋಗಿ ಬಾಗಿಲು ಬಡಿಯೋದು. ಅವರು ಬೈಯೋದು."

"ಏನಂತ ಬೈತಿದ್ರು?"

"ಶಿವನ ಜೊತೆ ಮಾತಾಡೋಕೂ ಬಿಡಲ್ವಲ್ಲೇ ಮಾರಾಯ್ತಿ ಅಂತ." ಅವಳು ನಗಲು ಹೋಗಿ ನಿಲ್ಲಿಸಿದಳು. "ಎರಡು ತಿಂಗಳಿಂದ ಆ ತಾಪತ್ರಯ ಇರ್ಲಿಲ್ಲ. ಸೋಮವಾರನೂ ಏಳು ನಲವತ್ತಕ್ಕೆ 'ಇದ್ದೀನಿ' ಬರೋದು. ಪೂಜೆಗೆ ಮುಂಚೆ ಒತ್ತೋದು ಕಲ್ತರು ಅಂದ್ಕೊಂಡೆ. ಹೋದ ಸೋಮವಾರನೂ ಬಂತು. ಹೋಗೋದು ತಪ್ಪಿತು ಅಂತ ಖುಷಿಯಾಗಿ ಇನ್ನೊಂದು ಲೋಟ ಟೀ ಕುಡಿದೆ ಅಕ್ಕ."

ಡಾಕ್ಟರ ವರದಿ ಶನಿವಾರ ನನ್ನ ಕೈಗೆ ಬಂದಿತ್ತು. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದಿರಲಿ ಎಂದು ಆ ಕ್ಷಣ ನಾನು ಹರಕೆ ಹೊರಲೂ ಸಿದ್ಧಳಿದ್ದೆ.

"ಇನ್ನು ಮೇಲೆ ಯಾರ ಹೆಸರಲ್ಲಿ ಏನು ಬಂದ್ರೂ ಫೋನ್ ಮಾಡ್ತಾ ಕೂರಲ್ಲ," ಎಂದಳು. "ಹೋಗೇ ಬಿಡ್ತೀನಿ."

ಓಲ್ಡ್ ಟೌನಿನ ಮಾರುಕಟ್ಟೆಯ ಹಿಂದೆ ಶೇಷಪ್ಪನವರ ಮನೆಯ ಮುಂದೆ ನನ್ನನ್ನು ಇಳಿಸಿ, ಒಂದು ಮದುವೆಯ ರವಿಕೆ ಕೊಡಬೇಕಿದೆ ಎಂದು ನ್ಯೂ ಟೌನಿಗೆ ತಿರುಗಿದಳು. ಆಗ ಎಂಟೂವರೆ.

*

ಶೇಷಪ್ಪನವರು ಬಾಗಿಲು ತೆಗೆದು, ನನ್ನನ್ನು ನೋಡಿ, ಯಾರೆಂದು ಕೇಳಲಿಲ್ಲ.

"ಬಾರಮ್ಮ. ಯಾರಾದ್ರೂ ಬರ್ತಾರೆ ಅಂತ ಗೊತ್ತಿತ್ತು. ಪೊಲೀಸ್ ಬರ್ತಾರೆ ಅಂದ್ಕೊಂಡಿದ್ದೆ, ನೀವು ಬಂದ್ರಿ."

ಅರವತ್ತೇಳು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಾರ್ಖಾನೆಯ ಟೈಂ ಆಫೀಸಿನಲ್ಲಿ ಕಾರಕೂನರಾಗಿದ್ದವರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ಮನೆ ಎಷ್ಟು ಚೊಕ್ಕಟವಾಗಿತ್ತೆಂದರೆ, ಅಲ್ಲಿ ಯಾರೂ ಬರುವುದಿಲ್ಲ ಎಂಬುದು ಹೊಸ್ತಿಲಲ್ಲೇ ಗೊತ್ತಾಗುತ್ತಿತ್ತು. ಅಂಥ ಚೊಕ್ಕಟ ನನ್ನ ಮನೆಯಲ್ಲೂ ಇದೆ.

ಮೂಲೆಯಲ್ಲಿ ಕಂಪ್ಯೂಟರ್. ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ತಂದದ್ದಂತೆ. ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದರು. ಗೋಡೆಗೆ ಅಂಟಿಸಿದ "ಶುರು ಮಾಡುವ ಮುನ್ನ" ಹಾಳೆ, ಅದರ ಮೊದಲ ಸಾಲಿನ ಪಕ್ಕ ಪೆನ್ಸಿಲಿನ ಬರಹ: 3.8 ಸಾಕು. ಉಳಿದ ಒಂದೊಂದು ಸಾಲಿನ ಮುಂದೆಯೂ ಶೇಷಪ್ಪನವರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ದಿನಾಂಕ ಬರೆದಿದ್ದರು. ಹಾಜರಿ ಹಾಕಿ ರೂಢಿಯಾದ ಕೈ.

ಹಾಳೆಯ ಕೆಳಗೆ ಒಂದೇ ಮೊಳೆಗೆ ಎರಡು ಹಿತ್ತಾಳೆ ಬಿಲ್ಲೆಗಳು ತೂಗುತ್ತಿದ್ದವು. 1904, 2217.

"ಇವೇನು?"

"ಟೋಕನ್ನು. ಹಾಜರಿ ಬಿಲ್ಲೆ. ಕೆಲಸಕ್ಕೆ ಬಂದೋರು ತಮ್ಮ ಬಿಲ್ಲೆ ತಗೊಂಡು ಟೈಂ ಆಫೀಸಿನ ಬೋರ್ಡಿಗೆ ನೇತು ಹಾಕ್ಬೇಕಿತ್ತು ಮುಂಚೆ. ಬೋರ್ಡಲ್ಲಿ ಬಿಲ್ಲೆ ಇದ್ರೆ ಆಳು ಒಳಗಿದ್ದಾನೆ ಅಂತ ಲೆಕ್ಕ."

"ಎರಡಿವೆ."

"ಒಂದು ನಂದು." ಅವರು ಕುರ್ಚಿಯಲ್ಲಿ ಕೂತರು. "ಇನ್ನೊಂದು ಉಜ್ಜೀದು, ಉಜ್ಜನಪ್ಪಂದು."

ನಾನೂ ಕೂತೆ. ಎದುರಿಗಿದ್ದವರನ್ನು ಗದರಿಸಿ ಬಾಯಿ ಬಿಡಿಸುವ ವಿದ್ಯೆ ನನಗೆ ಬರುತ್ತದೆ. ಆವತ್ತು ಅದು ಬೇಡವೆನಿಸಿತು.

"ಶೇಷಪ್ಪನವ್ರೇ, ಏಳು ನಲವತ್ತಕ್ಕೆ ಕಳಿಸಿದ್ದು ನೀವು."

"ಹೌದು."

"ಯಾಕೆ?"

"ಅವನು ಸೋಮವಾರ ಕೆಲಸಕ್ಕೆ ಯಾವತ್ತೂ ತಡ ಕಣಮ್ಮ. ಪೂಜೆ. ಒಂಬತ್ತೂಕಾಲರ ತನಕ ಶಿವನ ಶಿಫ್ಟಲ್ಲಿದ್ದೀನಿ ಕಣೋ ಅನ್ನೋನು. ತಡ ಆದ್ರೆ ಅರ್ಧ ದಿನ ಕಟ್. ನಾನು ಟೈಂ ಆಫೀಸಲ್ಲಿದ್ದೋನು. ಅವನ ಬಿಲ್ಲೆ ನಾನೇ ಬೋರ್ಡಿಗೆ ಹಾಕ್ತಿದ್ದೆ. ಹತ್ತೊಂಬತ್ತು ವರ್ಷ, ಸೋಮವಾರ ಸೋಮವಾರ. ಒಂದು ಸಲನೂ ಸಿಕ್ಕಿಬೀಳಲಿಲ್ಲ."

ಅವರ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಬಂದು ಹೋಯಿತು.

"ಎರಡೂವರೆ ತಿಂಗಳ ಕೆಳಗೆ ನಾನು ಪಾಠಕ್ಕೆ ಹೊರಟಾಗ ನಗ್ತಾ ಹೇಳ್ದ. ಆ ಕವನ ಹುಡುಗಿ ಸೋಮವಾರ ಬಂದು ಬಾಗಿಲು ಬಡೀತಾಳೆ, ಪೂಜೆ ಕೆಡುತ್ತೆ. ಹೆಂಗೂ ಕಲೀತಿದ್ದೀಯಲ್ಲ ಶೇಷ, ನನ್ನ ಬಿಲ್ಲೆ ನೀನೇ ಹಾಕ್ಬಿಡು ಅಂದ. ಆವತ್ತೇ ಈ ಬಿಲ್ಲೇನೂ ನನ್ನ ಕೈಗೆ ಕೊಟ್ಟ, ತಮಾಷೆಗೆ."

ಒಬ್ಬ ಮನುಷ್ಯ ಅರವತ್ತೇಳನೆಯ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ, ಇಂಗ್ಲಿಷಿನ ತಪ್ಪುಗಳ ಜೊತೆ ಗುದ್ದಾಡಿ, ಒಂದು ಪ್ರೋಗ್ರಾಮ್ ಬರೆದದ್ದು ಗೆಳೆಯನಿಗೆ ಸುಳ್ಳು ಹಾಜರಿ ಹಾಕಲು. ಪೈಥಾನ್ ಕಲಿತವರು ಏನೇನೋ ಮಾಡುತ್ತಾರೆಂದು ಕೇಳಿದ್ದೇನೆ. ಇದನ್ನು ಇವರೊಬ್ಬರೇ ಮಾಡಿರಬೇಕು.

"ಎಷ್ಟು ದಿನ ಹಿಡೀತು ಬರೆಯೋಕೆ?"

"ಹದಿನಾರು ದಿನ. ಲೈಬ್ರರಿ ಹಾಕ್ಕೊಳ್ಳೋಕೇ ನಾಲ್ಕು ದಿನ ಹೋಯ್ತು. ಆಮೇಲೆ ಪೋರ್ಟ್ ನಂಬರಲ್ಲಿ ಒಂದು ಸೊನ್ನೆ ಬಿಟ್ಟಿದ್ದೆ. ಧರ್ಮೇಂದ್ರನ್ನ ಕೇಳೋ ಹಾಗಿರ್ಲಿಲ್ಲ ನೋಡಿ." ಅವರು ಹಾಳೆಯ ಕಡೆ ನೋಡಿದರು. "ಎಲ್ಲ ಸರಿ ಹೋದ ದಿನ ಉಜ್ಜಿ ಬಂದು ಇಲ್ಲೇ ಉಪ್ಪಿಟ್ಟು ತಿಂದ. ಪಾಸಾದೆ ಕಣೋ ಅಂದ."

"ಮಂಗಳವಾರ? ಬುಧವಾರ?"

ಅವರು ತಲೆ ಎತ್ತಿದರು. "ನಾನ್ಯಾಕೆ ಕಳಿಸ್ಲಿ? ಸೋಮವಾರ ಒಂದೇ ದಿನ. ಮಿಕ್ಕ ದಿನ ಅವನೇ ಒತ್ತುತ್ತಿದ್ದ."

ನಿಜ ಹೇಳುತ್ತಿದ್ದರು. ದಾಖಲೆಯೂ ಅದನ್ನೇ ಹೇಳಿತ್ತು. ಮಂಗಳವಾರ, ಬುಧವಾರ ಬಂದದ್ದು ಕಳೆದುಹೋದ ಫೋನಿನಿಂದ. ಹೊಡೆದವನ ಕೈಯಲ್ಲಿ ಆ ಫೋನ್ ಇತ್ತು, ಹಸಿರು ಗುಂಡಿ ಒತ್ತಿದರೆ ಯಾರೂ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಂದರೆ ಉಜ್ಜನಪ್ಪನವರು ಆ ಗುಂಡಿ ಒತ್ತುವುದನ್ನು ಅವನು ಪಕ್ಕದಲ್ಲಿ ಕೂತು ನೋಡಿದ್ದ. ಕಳ್ಳನಲ್ಲ. ಪರಿಚಯದವನು.

"ಇದನ್ನ ಬರೆದು ಕೊಡ್ತೀರಾ? ಹನ್ನೊಂದು ಗಂಟೆಗೆ ಧರ್ಮೇಂದ್ರನ್ನ ಅರೆಸ್ಟ್ ಮಾಡ್ತಾರೆ."

"ಬರೆದಿಟ್ಟಿದ್ದೀನಿ." ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಗುರುವಾರದ ದಿನಾಂಕವಿತ್ತು. ನಾಲ್ಕು ದಿನ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಈ ಚೊಕ್ಕಟ ಮನೆಯಲ್ಲಿ ಓಡಾಡಿದ್ದರು. "ಠಾಣೆ ತನಕ ಎರಡು ಸಲ ಹೋದೆ. ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ. ಜೈಲಿಗೆ ಹೆದರಿ ಅಲ್ಲಮ್ಮ."

"ಮತ್ತೆ?"

"ಒಂದು ವಿಷಯ ಯಾರಾದ್ರೂ ಹೇಳಿಬಿಡ್ತಾರೆ ಅಂತ ಹೆದರಿ."

ಏನು ಕೇಳುತ್ತಾರೆಂದು ನನಗೆ ತಿಳಿಯಿತು. ಎದ್ದು ಹೊರಟುಬಿಡಬೇಕೆನಿಸಿತು.

"ಅವನ ಪ್ರಾಣ ಯಾವಾಗ ಹೋಯ್ತು? ನಾನು ಸೋಮವಾರ ಬಿಲ್ಲೆ ಹಾಕಿದಾಗ..." ಅವರು ಎರಡು ಬಿಲ್ಲೆಗಳನ್ನೂ ಮೊಳೆಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. "ನಾನು ಹಾಕದೆ ಇದ್ದಿದ್ರೆ ಎಂಟು ಗಂಟೆಗೆ ಆ ಹುಡುಗಿ ಹೋಗ್ತಿದ್ಲು. ಆಗ ಅವನು ಇದ್ನಾ?"

ಡಾಕ್ಟರು ಬರೆದಿದ್ದರು: ಏಟು ಬಿದ್ದದ್ದು ಭಾನುವಾರ ಸಂಜೆ, ಸಾವು ಸೋಮವಾರ ಮಧ್ಯಾಹ್ನದ ಹೊತ್ತಿಗೆ. ಅಷ್ಟು ಹೊತ್ತು ಉಜ್ಜನಪ್ಪನವರು ಪೂಜೆಯ ಮಣೆಯ ಪಕ್ಕದಲ್ಲಿ ಉಸಿರಾಡುತ್ತಾ ಬಿದ್ದಿದ್ದರು. ಏಳು ನಲವತ್ತಕ್ಕೆ ಗೆಳೆಯ ಅವರ ಹಾಜರಿ ಹಾಕಿದ. ಎಂಟಕ್ಕೆ ಯಾರೂ ಬರಲಿಲ್ಲ.

ಇಪ್ಪತ್ತೆರಡು ವರ್ಷ ಸಂದೇಶಗಳನ್ನು ಒಂದು ಅಕ್ಷರ ಆಚೀಚೆಯಾಗದಂತೆ ಮುಟ್ಟಿಸಿದವಳು ನಾನು.

"ಇಲ್ಲ," ಎಂದೆ. "ಭಾನುವಾರ ಸಂಜೆಯೇ ಹೋಗಿತ್ತು."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಟೈಂ ಆಫೀಸಿನ ಮನುಷ್ಯ, ಸುಳ್ಳು ಹಾಜರಿಯ ಗುರುತು ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಹಂಗಾದ್ರೆ ಸರಿ," ಎಂದರು. "ಟೀ ಮಾಡ್ತೀನಿ."

ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ. ಹೋಗಿ ನೋಡಲಿಲ್ಲ. ಹನ್ನೊಂದು ಗಂಟೆಗೆ ಕಾಂತರಾಜ್ ವರದಿಯನ್ನು ಅವರ ಮುಂದಿಡುತ್ತಾರೆ, ನನ್ನ ಸುಳ್ಳಿನ ಆಯಸ್ಸು ಎರಡು ಗಂಟೆಯೂ ಇಲ್ಲ. ಇದೆಲ್ಲ ಗೊತ್ತಿದ್ದೇ ಹೇಳಿದ್ದೆ. ಆ ಮನೆಯಲ್ಲಿ ಕೂತು ನನಗೆ ತುಂಬಾ ದುಃಖವಾಯಿತು, ಅವರಿಗಾಗಿಯೋ ನನಗಾಗಿಯೋ ಬಿಡಿಸಿ ಹೇಳಲಾರೆ.

ಶೇಷಪ್ಪನವರು ಎರಡು ಲೋಟ ತಂದಿಟ್ಟರು. ಕಣ್ಣು ಕೆಂಪಾಗಿದ್ದವು. ಒಂದು ಸಕ್ಕರೆ ಹಾಕಿದ ಲೋಟ, ಒಂದು ಹಾಕದ್ದು, ಯಾವುದು ಬೇಕೋ ತಗೊಳ್ಳಿ ಎಂದರು.

ಆಗ ನನ್ನ ಫೋನ್ ಹೊಡೆದುಕೊಂಡಿತು. ಧರ್ಮೇಂದ್ರ.

"ಮೇಡಂ, ಬಂತು."

"ಏನು ಬಂತು?"

"ಹದಿನೇಳನೇ ನಂಬರು. ಉಜ್ಜನಪ್ಪನೋರ ಫೋನಿಂದ. ಒಂಬತ್ತು ಹದಿನೈದಕ್ಕೆ."

ಶೇಷಪ್ಪನವರಿಗೂ ಕೇಳಿಸಿತ್ತು. ಅವರು ಗೋಡೆಯ ಗಡಿಯಾರ ನೋಡಿದರು. ಸೋಮವಾರ ಉಜ್ಜನಪ್ಪನವರ ಪೂಜೆ ಮುಗಿಯುತ್ತಿದ್ದ ಹೊತ್ತು. ಶೇಷಪ್ಪನವರ ಕೈಗಳು, ಮತ್ತೆ ಹಿಡಿದ ಬಿಲ್ಲೆಗಳ ಸಮೇತ, ಮೊಣಕಾಲ ಮೇಲೆ, ನನ್ನ ಕಣ್ಣೆದುರಿಗೇ ಇದ್ದವು.

"ಇದ್ದೀನಿ ಅಂತಾನಾ?" ಎಂದೆ.

"ಅಲ್ಲ ಮೇಡಂ." ಧರ್ಮೇಂದ್ರನ ಉಸಿರು ಕೇಳುತ್ತಿತ್ತು. "ಬನ್ನಿ ಅಂತ."

ಲೋಟ ಕೆಳಗಿಟ್ಟೆ. "ಯಾರಿಗೂ ಹೋಗೋಕೆ ಬಿಡ್ಬೇಡ. ಸಾಲಿಂದ ತೆಗಿ ಅದನ್ನ."

"ಸಾಲಲ್ಲಿ ಏನೂ ಇಲ್ಲ. ಒಂಬತ್ತು ಹದಿನೈದಕ್ಕೇ 'ಹೊರಟೆ' ಅಂತ ಒತ್ತಿದ್ದಾರೆ. ಚಾರ್ಜ್ ತಗೊಂಡಾಯ್ತು. ಇನ್ನಿಬ್ಬರಿಗೆ ಸುದ್ದೀನೇ ಹೋಗಿಲ್ಲ."

"ಯಾರು ಒತ್ತಿದ್ದು?" ಎಂದು ಕೇಳಿದೆ, ಗೊತ್ತಿದ್ದೂ.

"ಕವನ."

ಕಾಂತರಾಜ್‌ಗೆ ಫೋನ್ ಮಾಡು, ಉಜ್ಜನಪ್ಪನವರ ಮನೆಗೆ ಜನ ಕಳಿಸಲು ಹೇಳು ಎಂದು ಕೂಗಿ ಅವನ ಕರೆ ಕತ್ತರಿಸಿದೆ. ಕವನಳ ನಂಬರ್ ಒತ್ತಿದೆ. ಒಂದು ಸಲ ಪೂರ್ತಿ ಹೊಡೆದುಕೊಂಡು ನಿಂತಿತು. ಇನ್ನೊಂದು ಸಲ ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ನಿನ್ನೆ ಬೇಡಿಕೊಂಡು ಪೆಟ್ಟಿಗೆಯನ್ನು ಎಚ್ಚರವಾಗಿ ಇಡಿಸಿದವಳು ನಾನು. ಅದು ಎಚ್ಚರವಾಗಿದ್ದು ತನ್ನ ಕೆಲಸ ಮಾಡಿತ್ತು.

ಐದನೆಯ ಸಲ ಹೊಡೆದುಕೊಂಡಾಗ ಅವಳು ಎತ್ತಿದಳು. ಓಡಿದವಳ ಹಾಗೆ ಏದುಸಿರು.

"ಅಕ್ಕ, ಅವರ ಮನೆ ಮುಂದೆ ಇದ್ದೀನಿ. ಪೊಲೀಸರು ಹಾಕಿದ್ದ ಬೀಗ ತೆಗೆದಿದೆ. ಒಳಗಡೆ ಊದುಬತ್ತಿ ಹಚ್ಚಿದ್ದಾರೆ, ವಾಸನೆ ಬರ್ತಿದೆ."

"ಒಳಗೆ ಹೋಗ್ಬೇಡ ಕವನ. ರಸ್ತೆಗೆ ಬಾ. ನಾನು ಹೇಳಿದ್ದು ತಲುಪಿತಾ?"

ಉತ್ತರ ಬರಲಿಲ್ಲ. ಬಾಗಿಲು ಕಿರುಗುಟ್ಟಿತು. ಆಮೇಲೆ ಒಬ್ಬ ಗಂಡಸಿನ ಧ್ವನಿ, ಮನೆಗೆ ಬಂದ ನೆಂಟರನ್ನು ಕರೆಯುವಷ್ಟೇ ಮೆತ್ತಗೆ.

"ಬಾರಮ್ಮ. ನೀನೇ ಬರ್ತೀಯ ಅಂತ ಗೊತ್ತಿತ್ತು."

ಕರೆ ಕಡಿಯಿತು.

ನಾನು ಫೋನ್ ಎತ್ತಿಕೊಂಡು ಬಾಗಿಲಿನ ಕಡೆ ಓಡಿದೆ. ಹಿಂದೆ ಏನೋ ನೆಲಕ್ಕೆ ಬಿದ್ದ ಸದ್ದಾಗಿ ತಿರುಗಿದೆ. ಎರಡು ಬಿಲ್ಲೆಗಳೂ ಶೇಷಪ್ಪನವರ ಕಾಲ ಬಳಿ ಬಿದ್ದಿದ್ದವು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಮೇಜಿನ ಮೇಲೆ ಫೋನಿದ್ದ ಜಾಗವನ್ನೇ ನೋಡುತ್ತಿದ್ದರು.

"ಅಮ್ಮ," ಎಂದರು, "ಆ ಧ್ವನಿ ನಂಗೆ ಗೊತ್ತು. ಅವನ ಹಾಜರೀನೂ ನಾನೇ ಹಾಕ್ತಿದ್ದೆ."